ಡ್ಯಾನ್ಯೂಬ್ ಸ್ವಾಬಿಯನ್ನರ ಜೀವಹಾನಿ: 60 ಸಾವಿರವೋ, 1,35,800ವೋ?

ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಅರಸರು 18ನೇ ಶತಮಾನದಲ್ಲಿ ಡ್ಯಾನ್ಯೂಬ್ ನದಿಯ ಬಯಲಿಗೆ ಕರೆಸಿ ನೆಲೆಗೊಳಿಸಿದ ಜರ್ಮನ್ ರೈತರ ಸಂತತಿಯೇ ಡ್ಯಾನ್ಯೂಬ್ ಸ್ವಾಬಿಯನ್ನರು. 1931ರ ಜನಗಣತಿಯಲ್ಲಿ ಯುಗೊಸ್ಲಾವಿಯಾದ ಜರ್ಮನ್ ಮಾತೃಭಾಷಿಕರು ಸುಮಾರು 5 ಲಕ್ಷ. ಅವರಲ್ಲಿ ಹೆಚ್ಚಿನವರು ದೇಶದ ಉತ್ತರದ ಬನಾತ್, ಬಾಚ್ಕಾ ಪ್ರದೇಶಗಳವರು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಮತ್ತು ಅದರ ಬೆನ್ನಿಗೆ ಯುಗೊಸ್ಲಾವಿಯಾದಲ್ಲಿ ಈ ಸಮುದಾಯಕ್ಕಾದ ಜೀವಹಾನಿ ಎಂದು ಎರಡು ಅಂಕಿಗಳು ಓಡಾಡುತ್ತವೆ: ಸುಮಾರು 60 ಸಾವಿರ ಮತ್ತು 1,35,800. ಇವನ್ನು ಒಂದರ ಎದುರು ಒಂದು ನಿಲ್ಲಿಸಿ ವಾದ ಮಾಡುವುದು ತಪ್ಪು; ಎರಡೂ ಎಣಿಸಿದ್ದು ಬೇರೆ ಬೇರೆಯನ್ನು.

ಮೊದಲು ಸೈನಿಕರನ್ನು ಬೇರ್ಪಡಿಸಬೇಕು; ಅವರ ಸಾವು ಎರಡು ಅಂಕಿಗಳಲ್ಲೂ ಸೇರಿಲ್ಲ. 1942ರಿಂದ ಬನಾತ್‌ನ ಗಂಡಸರನ್ನು ನಾಜಿಗಳ ಸಶಸ್ತ್ರ ಪಡೆಯಾದ ಎಸ್‌ಎಸ್‌ನ ಪ್ರಿನ್ಸ್ ಓಯ್ಗೆನ್ ಎಂಬ ಡಿವಿಷನ್‌ಗೆ ಸೇರಿಸಿಕೊಂಡರು, ಬಹುಪಾಲು ಬಲವಂತದಿಂದಲೇ. ಆ ಪಡೆ ನಾಗರಿಕರ ಹತ್ಯಾಕಾಂಡ ನಡೆಸಿತು. ಮುಂದೆ ಬಂದ ಸೇಡಿಗೆ ಈ ಹಿನ್ನೆಲೆಯಿದೆ. ಆದರೆ ಸೇಡು ತಟ್ಟಿದ್ದು ಹೆಚ್ಚಾಗಿ ಊರಲ್ಲಿ ಉಳಿದಿದ್ದ ಮುದುಕರು, ಹೆಂಗಸರು, ಮಕ್ಕಳಿಗೆ.

60 ಸಾವಿರ ಎಂಬುದು ನಾಗರಿಕರ ಲೆಕ್ಕ. 1944ರ ಶರತ್ಕಾಲದಲ್ಲಿ ಟಿಟೊ ನೇತೃತ್ವದ ಕಮ್ಯುನಿಸ್ಟ್ ಪಾರ್ಟಿಸಾನ್ ಪಡೆಗಳು ಸಾವಿರಾರು ಜನರನ್ನು ಗುಂಡಿಟ್ಟು ಕೊಂದವು. ಆ ವರ್ಷದ ಕೊನೆಗೆ ಸುಮಾರು 12 ಸಾವಿರ ದುಡಿಯುವ ವಯಸ್ಸಿನವರನ್ನು ಸೋವಿಯತ್ ಗಣಿ, ಕಾರ್ಖಾನೆಗಳಿಗೆ ಸಾಗಿಸಿದರು; ಅವರಲ್ಲಿ ಸುಮಾರು 2 ಸಾವಿರ ಜನ ಅಲ್ಲೇ ಸತ್ತರು. ಉಳಿದ ಸಾವುಗಳಲ್ಲಿ ಬಹುಪಾಲು, ಸುಮಾರು 48 ಸಾವಿರ, ಬಂದೀಶಿಬಿರಗಳಲ್ಲಿ. ರುಡಾಲ್ಫ್ಸ್‌ಗ್ನಾಡ್, ಗಾಕೊವೊ, ಯಾರೆಕ್ ಎಂಬ ಜರ್ಮನ್ ಹಳ್ಳಿಗಳನ್ನೇ ಶಿಬಿರ ಮಾಡಿದ್ದರು. ಒಂದೊಂದು ಮನೆಯಲ್ಲಿ ಹತ್ತಾರು ಜನ, ಉಪ್ಪಿಲ್ಲದ ಮೆಕ್ಕೆಜೋಳದ ಗಂಜಿ. ನಿತ್ರಾಣಗೊಂಡ ಮೈಗೆ ಹೇನಿನಿಂದ ಹರಡುವ ಟೈಫಸ್ ತಗುಲಿದರೆ ಬದುಕುವುದು ಕಷ್ಟ. ರುಡಾಲ್ಫ್ಸ್‌ಗ್ನಾಡ್ ಒಂದರಲ್ಲೇ 1945ರಿಂದ 1948ರ ನಡುವೆ 11 ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡರು.

1,35,800 ಬಂದದ್ದು ಪಶ್ಚಿಮ ಜರ್ಮನಿಯ ಸಂಖ್ಯಾಶಾಸ್ತ್ರ ಕಚೇರಿಯ 1958ರ ಕೂಡು-ಕಳೆ ಲೆಕ್ಕದಿಂದ. ಯುದ್ಧಪೂರ್ವದ ಜನಸಂಖ್ಯೆಗೆ ಜನನವನ್ನು ಕೂಡಿಸಿ, ಸಹಜ ಸಾವು, ಸೈನಿಕರ ಸಾವು, ಬದುಕಿ ಪತ್ತೆಯಾದವರು ಇಷ್ಟನ್ನೂ ಕಳೆದರೆ ಉಳಿಯುವ ಶೇಷ ಅದು. ಶೇಷವೆಂದರೆ ಶವವಲ್ಲ, ಪತ್ತೆಯಿಲ್ಲದವರು. ಜನಗಣತಿಯಲ್ಲಿ ಜರ್ಮನ್ ಎಂದು ಬರೆಸಿ ಆಮೇಲೆ ಹಂಗೇರಿಯನ್ ಅಥವಾ ಸರ್ಬ್ ಎಂದು ಗುರುತಿಸಿಕೊಂಡವರು, ಗೊತ್ತಿಲ್ಲದಂತೆ ವಲಸೆ ಹೋದವರು, ನಾಜಿಗಳೇ ಕೊಂದ ಜರ್ಮನ್ ಮಾತಿನ ಯಹೂದ್ಯರು ಇವರೆಲ್ಲ ಈ ಶೇಷದೊಳಗೆ ಸೇರಿಬಿಡಬಹುದು. ಆರಂಭದ ಅಂಕಿಯಲ್ಲಿ ಶೇಕಡಾ 5ರಷ್ಟು ತಪ್ಪಿದ್ದರೂ ಶೇಷದಲ್ಲಿ 25 ಸಾವಿರದ ವ್ಯತ್ಯಾಸ ಬರುತ್ತದೆ.

60 ಸಾವಿರದ ಲೆಕ್ಕಕ್ಕೆ ಆಧಾರವಾದ, ಊರೂರಿನ ಬದುಕುಳಿದವರನ್ನು ಕೇಳಿ, ಮನೆಮನೆಯ ಹೆಸರು ಬರೆದು ಮಾಡಿದ ಪಟ್ಟಿಗಳು ಹೆಚ್ಚು ನಂಬಲರ್ಹ ಎಂದೇ ನಮ್ಮ ಅಭಿಪ್ರಾಯ. ಅಲ್ಲೂ ತೊಡಕಿದೆ. ಇಡೀ ಮನೆಯೇ ಅಳಿದಿದ್ದರೆ ಹೆಸರು ಹೇಳುವವರಿಲ್ಲ. ಒಬ್ಬನದೇ ಹೆಸರು ಹಂಗೇರಿಯನ್, ಸರ್ಬಿಯನ್ ರೂಪಗಳಲ್ಲಿ ಎರಡು ಸಲ ಬರಬಹುದು. ಹುಟ್ಟಿದ ವರ್ಷ, ತಾಯಿಯ ತವರಿನ ಹೆಸರು ತಾಳೆ ನೋಡದೆ ಅದು ಒಬ್ಬನೇ ಎಂದು ತೀರ್ಮಾನಿಸಲಾಗದು. ಶಿಬಿರದಿಂದ ಸರ್ಕಾರಿ ಅನಾಥಾಲಯಕ್ಕೆ ಹೋಗಿ ಗುರುತು ಕಳೆದುಕೊಂಡ ಮಕ್ಕಳನ್ನಂತೂ ಸತ್ತವರ ಪಟ್ಟಿಗೆ ಸೇರಿಸದೆ ಕಾಣೆಯಾದವರೆಂದೇ ಬೇರೆ ಬರೆದಿಡಬೇಕು.