ನಾಯಿ ಬ್ಯಾಂಕು, ಸಿಂಹದ ಬಸ್ಸು, ಏಡಿ ಟೀಮು

ಕಾರವಾರ ಬಸ್ ಸ್ಟ್ಯಾಂಡಿಗೆ ಗೋವಾದ ಕದಂಬ ಬಸ್ಸು ಬಂದು ನಿಂತಾಗ ಅದರ ಮೈಮೇಲಿನ ಸಿಂಹವನ್ನು ಒಮ್ಮೆ ನೋಡಿ. ಬಸ್ಸೇನೋ ಗೋವಾದ್ದು, ಆದರೆ ಸಿಂಹದ ತವರು ನಮ್ಮ ಶಿರಸಿ ತಾಲೂಕಿನ ಬನವಾಸಿ. ಗೋವಾದ ಕದಂಬರು, ಹಾನಗಲ್ಲಿನ ಕದಂಬರು ಎಲ್ಲರೂ ತಾವು ಬನವಾಸಿಯ ಕುಡಿಗಳೆಂದೇ ಹೇಳಿಕೊಂಡವರು. ಅವರ ಲಾಂಛನ ಸಿಂಹ, ಬಾವುಟದಲ್ಲಿ ವಾನರ. 1980ರಲ್ಲಿ ಶುರುವಾದ ಗೋವಾದ ಬಸ್ ನಿಗಮ ಆ ಮನೆತನದ ಹೆಸರನ್ನೂ ಸಿಂಹವನ್ನೂ ಇಟ್ಟುಕೊಂಡಿದೆ. ವಾನರ ಮಾತ್ರ ಯಾರಿಗೂ ಬೇಡವಾಯಿತು, ಪಾಪ.

ಲೋಗೋ ಎಂಬ ಮಾತು ನಮಗೆ ಬಂದದ್ದು ಇತ್ತೀಚೆಗೆ. ಅದಕ್ಕೆ ಮುಂಚೆ ಇದ್ದದ್ದು ಮುದ್ರೆ, ಛಾಪು, ಮಾರ್ಕು. ಓದು ಬಾರದವರೇ ಜಾಸ್ತಿ ಇದ್ದ ಕಾಲದಲ್ಲಿ ಬೆಂಕಿಪೊಟ್ಟಣ, ಬೀಡಿಕಟ್ಟು ಎಲ್ಲದರ ಮೇಲೂ ಒಂದು ಚಿತ್ರ ಇರಲೇಬೇಕಿತ್ತು. ಅಂಗಡಿಗೆ ಓಡಿದ ಹುಡುಗ 'ಕುದುರೆ ಮಾರ್ಕಿಂದು ಕೊಡಿ' ಎಂದರೆ ಮುಗಿಯಿತು. ಚಿತ್ರ ಚೆಂದ ಇದೆಯೋ ಇಲ್ಲವೋ, ಅದನ್ನು ಬಾಯಲ್ಲಿ ಹೇಳಲು ಬರಬೇಕು. ನನ್ನ ಮಟ್ಟಿಗೆ ಇಂದಿಗೂ ಅಳತೆಗೋಲು ಇದೇ.

ಸಿಂಡಿಕೇಟ್ ಬ್ಯಾಂಕನ್ನು ನೆನಪಿಸಿಕೊಳ್ಳಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕು. ಬೋರ್ಡಿನ ಮೇಲೆ ಒಂದು ನಾಯಿ. ಮನೆ ಕಾಯುತ್ತದೆ, ದುಡ್ಡೂ ಕಾಯುತ್ತದೆ, ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ನಮ್ಮ ಅಜ್ಜಿಗೆ ಅದು ಕೊನೆಯವರೆಗೂ 'ನಾಯಿ ಬ್ಯಾಂಕು'. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಕೆನರಾದ ನೀಲಿ–ಹಳದಿ ತ್ರಿಕೋನಗಳು ನೋಡಲು ಅಚ್ಚುಕಟ್ಟಾಗಿವೆ, ಒಪ್ಪೋಣ. ಆದರೆ 'ತ್ರಿಕೋನ ಬ್ಯಾಂಕಿಗೆ ಹೋಗಿ ಬರ್ತೆ' ಎಂದು ಯಾರಾದರೂ ಅಂದದ್ದನ್ನು ನಾನಂತೂ ಕೇಳಿಲ್ಲ.

ಹಾಗಂತ ಪ್ರಾಣಿಯೇ ಬೇಕು ಅಂತೇನಿಲ್ಲ. 1923ರಲ್ಲಿ ಶಿರಸಿಯಲ್ಲಿ ಶುರುವಾದ ತೋಟಗಾರರ ಸಹಕಾರಿ ಸಂಘ, ಅಂದರೆ ತೋಟಗಾರ್ಸ್ ಸೇಲ್ ಸೊಸೈಟಿ, ಇಡೀ ಊರಿನ ಬಾಯಲ್ಲಿ 'ಟಿಎಸ್ಎಸ್'. ಮೂರೇ ಅಕ್ಷರ, ನಾಲಿಗೆ ತೊಡರುವುದಿಲ್ಲ.

ಇನ್ನೊಂದು ಸಂಗತಿ ನನಗೆ ಹೊಳೆದದ್ದು ಮಾಡು ಹತ್ತಿದಾಗ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವಾಗ ಒಂದನ್ನು ತಿರುಗಿಸಿ ನೋಡಿದೆ. ಬಾಸೆಲ್ ಮಿಷನ್ ಟೈಲ್ ವರ್ಕ್ಸ್ ಎಂಬ ಇಂಗ್ಲಿಷ್ ಅಕ್ಷರ, ಜೊತೆಗೆ 1865. ಅದು ಮಂಗಳೂರಿನ ಕಾರ್ಖಾನೆ ಶುರುವಾದ ವರ್ಷ. ಪಾಚಿ ಕೆರೆದರೆ ಅಕ್ಷರ ಹಾಗೇ ಇದೆ, ಬೆರಳಾಡಿಸಿದರೆ ಉಬ್ಬು ಕೈಗೆ ಸಿಗುತ್ತದೆ. ಹಸಿ ಮಣ್ಣನ್ನು ಅಚ್ಚಿನಲ್ಲಿ ಒತ್ತಿ ಸುಟ್ಟದ್ದಲ್ವಾ, ಎಳೆ ಎಳೆ ಗೆರೆ ಅದರಲ್ಲಿ ನಿಲ್ಲುವುದಿಲ್ಲ. ದಪ್ಪ ಅಕ್ಷರವೇ ಗತಿ.

ಬೋರ್ಡ್ ಬರೆಯುವ ಪೇಂಟರುಗಳ ಕಥೆಯೂ ಹೀಗೇ. ತಗಡಿಗೆ ಎನಾಮಲ್ ಬಳಿದು, ಸುಣ್ಣದ ಪುಡಿ ಹಚ್ಚಿದ ದಾರ ಎಳೆದು ಬಿಟ್ಟು ಗೆರೆ ಹೊಡೆಯುತ್ತಿದ್ದರು. ಒಂದು ಬಣ್ಣ ಒಣಗದೆ ಪಕ್ಕದ್ದು ಹಚ್ಚುವಂತಿಲ್ಲ, ಕರಾವಳಿಯ ಮಳೆಯಲ್ಲಿ ಅದು ಒಣಗಬೇಕಲ್ಲ! ಅದಕ್ಕೇ ಎರಡು ಬಣ್ಣ, ಹೆಚ್ಚೆಂದರೆ ಮೂರು. ರಸ್ತೆಯ ಆಚೆಯಿಂದಲೂ ಬೋರ್ಡು ಓದಲು ಬರುತ್ತಿತ್ತು.

ಆಮೇಲೆ ಫ್ಲೆಕ್ಸ್ ಬಂತು. ನೂರು ಬಣ್ಣವಾದರೂ ರೇಟು ಒಂದೇ. ಬೇಕರಿಯ ಬೋರ್ಡಿನಲ್ಲಿ ಕೇಕು, ಗುಲಾಬಿ, ಮಾಲೀಕರ ಮಗನ ಫೋಟೋ ಎಲ್ಲ ಬಂದು ಕೂತವು. ಬೇಕರಿಯ ಹೆಸರು ಮೂಲೆಗೆ ಸರಿಯಿತು.

ಟೀಮುಗಳ ಕಡೆ 2008ರ ನಂತರ ಸಿಂಹದ ಹಾವಳಿ. ಆರ್‌ಸಿಬಿ ಬಂತು, ಊರೂರಿನ ಜೆರ್ಸಿಯ ಮೇಲೆ ಸಿಂಹ ಘರ್ಜಿಸತೊಡಗಿತು. ಕುಮಟಾ ಕಡೆಯ ನಮ್ಮ ಹುಡುಗರೂ ನೆಟ್‌ನಿಂದ ಒಂದನ್ನು ಇಳಿಸಿಕೊಂಡಿದ್ದರು. ಟೂರ್ನಮೆಂಟಿಗೆ ಹೋದರೆ ಎದುರಾಳಿಗಳ ಎದೆಯ ಮೇಲೂ ಅದೇ ಸಿಂಹ, ಅದೇ ಹಲ್ಲು. ಮೈಕಿನವನು ಎರಡು ಟೀಮನ್ನೂ 'ಲಯನ್ಸ್' ಎಂದು ಕೂಗಿ ಕೂಗಿ ಕೊನೆಗೆ 'ನೀಲಿ ಲಯನ್ಸ್, ಕೆಂಪು ಲಯನ್ಸ್' ಮಾಡಿಕೊಂಡ.

ಮರುವರ್ಷ ಅವರು ಏಡಿ ಹಾಕಿಸಿದರು. ಬರೆದುಕೊಟ್ಟವರು ಊರಿನ ಹಳೆಯ ಪೇಂಟರು, ಒಂದೇ ಬಣ್ಣ, ಇಕ್ಕಳದಂಥ ಎರಡು ಕೊಂಬು. 'ಏಡಿ ಟೀಮು ಬಂತು' ಎಂದು ಮಕ್ಕಳು ಈಗ ದೂರದಿಂದಲೇ ಕೂಗುತ್ತಾರೆ. ದೊಡ್ಡ ಕೊಂಬು ಎಡಕ್ಕಿರಬೇಕಿತ್ತೋ ಬಲಕ್ಕೋ ಎಂಬ ಜಗಳ ಮಾತ್ರ ಇನ್ನೂ ಮುಗಿದಿಲ್ಲ.