ಕೇಳಿದವರು ನಂಬದಿರಲಿ, ಅಲ್ಲೇ ತೋರಿಸಿ

ನಾಲ್ಕು ಜನ ಸೇರಿ ಹರಟೆಗೆ ಕೂತರೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ಚೀನಾದ ಮಹಾಗೋಡೆ ಚಂದ್ರನ ಮೇಲಿಂದಲೂ ಕಾಣುತ್ತದೆ, ಮನುಷ್ಯ ಬಳಸುವುದು ಮಿದುಳಿನ ಹತ್ತರಲ್ಲಿ ಒಂದು ಪಾಲು ಮಾತ್ರ, ಗೋಲ್ಡ್‌ಫಿಶ್‌ನ ನೆನಪು ಮೂರೇ ಸೆಕೆಂಡು. ಮೂರೂ ಸುಳ್ಳು. ತರಬೇತಿ ಕೊಟ್ಟ ಗೋಲ್ಡ್‌ಫಿಶ್ ಕಲಿತದ್ದನ್ನು ತಿಂಗಳುಗಟ್ಟಲೆ ಮರೆಯುವುದಿಲ್ಲ. ಮೈತೂಕದ ನೂರಕ್ಕೆ ಎರಡರಷ್ಟಿರುವ ಮಿದುಳು ದೇಹದ ಶಕ್ತಿಯ ಐದನೇ ಒಂದು ಪಾಲನ್ನು ತಾನೇ ನುಂಗುತ್ತದೆ. ಅದರಲ್ಲಿ ತೊಂಬತ್ತು ಪಾಲು ಸುಮ್ಮನೆ ಬಿದ್ದಿದ್ದರೆ ಇಷ್ಟು ಖರ್ಚನ್ನು ಯಾವ ಪ್ರಾಣಿಯ ಮೈಯೂ ಸಹಿಸುತ್ತಿರಲಿಲ್ಲ. ಆದರೂ ಈ ಮಾತುಗಳು ಬಾಯಿಂದ ಬಾಯಿಗೆ ಹರಿಯುತ್ತಲೇ ಇವೆ. ನಿಜವಾದ ಬೆರಗಿಗೇನಾದರೂ ಬರವಿದ್ದರೆ ಇದನ್ನು ಕ್ಷಮಿಸಬಹುದಿತ್ತು. ಒಂದು ಹಾಳೆ, ಒಂದು ಇಸ್ಪೀಟು ಕಟ್ಟು, ಕೂತವರ ಹುಟ್ಟಿದ ತಾರೀಕು ಇಷ್ಟಿದ್ದರೆ ಸಾಕು, ಕೇಳಿದವರ ಕಣ್ಣೆದುರೇ ಸಾಬೀತು ಮಾಡಬಹುದಾದ ಸಂಗತಿಗಳು ಬೇಕಾದಷ್ಟಿವೆ.

ಮೊದಲು ಗೋಡೆಯ ಲೆಕ್ಕ ಮುಗಿಸೋಣ. ನಮ್ಮ ಕಣ್ಣು ಬೇರೆಬೇರೆಯಾಗಿ ಗುರುತಿಸಬಲ್ಲ ಎರಡು ಚುಕ್ಕೆಗಳ ನಡುವಿನ ಅತಿ ಚಿಕ್ಕ ಕೋನ ಸುಮಾರು ಒಂದು ಡಿಗ್ರಿಯ 60ನೇ ಒಂದು ಪಾಲು. ಚಂದ್ರನಿಗೂ ನಮಗೂ ನಡುವಿನ 3,84,400 ಕಿಲೋಮೀಟರ್ ದೂರಕ್ಕೆ ಈ ಕೋನವನ್ನು ಹಾಕಿದರೆ ಸಿಗುವ ಅಗಲ ಸುಮಾರು 112 ಕಿಲೋಮೀಟರ್. ಗೋಡೆಯ ಅಗಲವೋ ಹೆಚ್ಚಿನ ಕಡೆ ಹತ್ತು ಮೀಟರಿಗೂ ಕಡಿಮೆ. ಇಲ್ಲಿ ಚುರುಕಾದ ಕೇಳುಗರು ತಕರಾರು ತೆಗೆಯಬಹುದು: ದೂರದ ವಿದ್ಯುತ್ ತಂತಿ ಅಷ್ಟು ತೆಳ್ಳಗಿದ್ದರೂ ಆಕಾಶದೆದುರು ಕಾಣುತ್ತದಲ್ಲ? ತಕರಾರು ಸರಿಯಾದದ್ದೇ. ಉದ್ದನೆಯ ಗೆರೆ ಹಿನ್ನೆಲೆಗಿಂತ ಎದ್ದು ಕಂಡರೆ ಕಣ್ಣು ನೂರು ಪಟ್ಟು ತೆಳುವಾದದ್ದನ್ನೂ ಹಿಡಿಯುತ್ತದೆ. ಹಾಗೆ ರಿಯಾಯಿತಿ ಕೊಟ್ಟರೂ ಚಂದ್ರನಿಂದ ಕಾಣಲು ಗೋಡೆ ಒಂದು ಕಿಲೋಮೀಟರಿನಷ್ಟು ಅಗಲವಿರಬೇಕು. ಮೇಲಾಗಿ ಅದು ಸುತ್ತಲಿನ ಮಣ್ಣು, ಬಂಡೆಗಳ ಬಣ್ಣದ್ದೇ. 2003ರಲ್ಲಿ ಬಾಹ್ಯಾಕಾಶಕ್ಕೆ ಹೋಗಿ ಬಂದ ಚೀನಾದ ಯಾಂಗ್ ಲಿವೇ, ಭೂಮಿಗೆ ಅಷ್ಟು ಹತ್ತಿರದ ಕಕ್ಷೆಯಿಂದಲೂ ತಮಗೆ ಗೋಡೆ ಕಾಣಲಿಲ್ಲ ಎಂದರು. ಸ್ವಾರಸ್ಯವೇನೆಂದರೆ ಈ ವದಂತಿಯ ವಯಸ್ಸು. ಚಂದ್ರನಿಂದ ಗೋಡೆ ಕಂಡೀತು ಎಂದು ಇಂಗ್ಲೆಂಡಿನ ವಿಲಿಯಂ ಸ್ಟೂಕ್ಲಿ ಪತ್ರವೊಂದರಲ್ಲಿ ಬರೆದದ್ದು 1754ರಲ್ಲಿ. ಆಗಿನ್ನೂ ಬಿಸಿಗಾಳಿಯ ಬಲೂನಿನಲ್ಲಿ ಕೂಡ ಮನುಷ್ಯ ನೆಲ ಬಿಟ್ಟು ಮೇಲೇರಿರಲಿಲ್ಲ.

ಈಗ ಹಾಳೆಗೆ ಬರೋಣ. “ಯಾವ ಕಾಗದವನ್ನೂ ಏಳು ಸಲಕ್ಕಿಂತ ಹೆಚ್ಚು ಮಡಚಲಾಗದು” ಎಂಬ ಮಾತು ಅರ್ಧ ನಿಜ. ಒಂದು ಎ4 ಹಾಳೆ ಕೊಟ್ಟು, ಉದ್ದದ ದಿಕ್ಕಿನಲ್ಲೇ ಅರ್ಧಕ್ಕೆ ಅರ್ಧ ಮಡಚುತ್ತಾ ಹೋಗಲು ಹೇಳಿ. ಹಾಳೆಯ ದಪ್ಪ 0.1 ಮಿಲಿಮೀಟರ್, ಉದ್ದ 297 ಮಿಲಿಮೀಟರ್. ಆರು ಮಡಿಕೆಗೆ 64 ಪದರವಾಗಿ ದಪ್ಪ 6.4 ಮಿಲಿಮೀಟರಿಗೆ ಏರುತ್ತದೆ, ಉದ್ದ 4.6 ಮಿಲಿಮೀಟರಿಗೆ ಇಳಿಯುತ್ತದೆ. ಉದ್ದಕ್ಕಿಂತ ದಪ್ಪವೇ ಹೆಚ್ಚಾದ ಮೇಲೆ ಮಡಚುವುದಾದರೂ ಏನನ್ನು? ಎಷ್ಟೇ ಬಲವಂತರಿದ್ದರೂ ಏಳನೆಯದು ಆಗದು. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಮಡಚಿದರೆ ಏಳರ ಅಂಚಿಗೆ ಬಂದು ನಿಲ್ಲುತ್ತದೆ, ಅದೂ ಪ್ರತಿ ಮಡಿಕೆಯನ್ನು ಉಗುರಿನಿಂದ ಬಿಗಿಯಾಗಿ ಉಜ್ಜಿದ್ದರೆ.

ತೊಡಕಿರುವುದು ಮಡಿಕೆಯ ಅಂಚಿನಲ್ಲಿ. ಮಡಚಿದಾಗ ಹೊರಗಿನ ಪದರ ಒಳಗಿನ ಪದರಗಳನ್ನೆಲ್ಲ ಬಳಸಿ ಬರಬೇಕು. ಆ ಬಾಗಿನಲ್ಲಿ ಸ್ವಲ್ಪ ಕಾಗದ ಖರ್ಚಾಗುತ್ತದೆ. ಪ್ರತಿ ಮಡಿಕೆಗೂ ಪದರಗಳು ಇಮ್ಮಡಿಯಾಗುತ್ತವೆ, ಬಾಗಿನ ಅಳತೆಯೂ ಇಮ್ಮಡಿಯಾಗುತ್ತದೆ. ಎರಡೂ ಸೇರಿ ಖರ್ಚು ನಾಲ್ಕು ಪಟ್ಟು. ಅಮೆರಿಕದ ವಿದ್ಯಾರ್ಥಿನಿ ಬ್ರಿಟ್ನಿ ಗ್ಯಾಲಿವನ್ ಇದಕ್ಕೊಂದು ಸೂತ್ರ ಕಟ್ಟಿ, 2002ರಲ್ಲಿ ಸುಮಾರು 1.2 ಕಿಲೋಮೀಟರ್ ಉದ್ದದ ಟಾಯ್ಲೆಟ್ ಪೇಪರನ್ನು 12 ಸಲ ಮಡಚಿ ತೋರಿಸಿದಳು. ಆ ಸೂತ್ರಕ್ಕೆ 0.1 ಮಿಲಿಮೀಟರ್ ದಪ್ಪವನ್ನು ಹಾಕಿ ನೋಡಿದರೆ, ಒಂದೇ ದಿಕ್ಕಿನಲ್ಲಿ ಏಳು ಮಡಿಕೆಗೆ ಕನಿಷ್ಠ 88 ಸೆಂಟಿಮೀಟರ್, ಎಂಟಕ್ಕೆ 3.5 ಮೀಟರ್, ಒಂಬತ್ತಕ್ಕೆ ಸುಮಾರು 14 ಮೀಟರ್ ಬೇಕು. ಹಾಗಾಗಿ 20 ಮೀಟರಿನ ಟಾಯ್ಲೆಟ್ ಪೇಪರ್ ಸುರುಳಿಯೂ ಉದ್ದನೆಯ ಓಣಿಯೂ ಇದ್ದರೆ ಏಳರ ದಾಖಲೆಯನ್ನು ಮನೆಯಲ್ಲೇ ಮುರಿಯಬಹುದು. ಎಂಟು ಆರಾಮವಾಗಿ ಬರುತ್ತದೆ. ಒಂಬತ್ತಕ್ಕೆ ಇಬ್ಬರು ಬೇಕು, ಪದರಗಳ ನಡುವಿನ ಗಾಳಿಯನ್ನು ಅಂಗೈಯಿಂದ ಒತ್ತಿ ಹೊರಹಾಕುತ್ತಾ ಮುಂದುವರಿಯಬೇಕು. ಕೆಡುವುದು ಸಾಮಾನ್ಯವಾಗಿ ಮೊದಲ ಎರಡು ಮಡಿಕೆಗಳಲ್ಲಿ. ಅಲ್ಲಿ ಅಂಚು ಒಂದಿಷ್ಟು ಓರೆಯಾದರೂ ಮುಂದೆ ಪದರಗಳು ಒಂದರ ಮೇಲೊಂದು ಕೂರುವುದಿಲ್ಲ. ಕಾಗದ ಕೈಯಲ್ಲಿರುವಾಗಲೇ ಇದನ್ನೂ ಹೇಳಿಬಿಡಿ: ಅದೇ ಹಾಳೆಯನ್ನು 42 ಸಲ ಮಡಚಲು ಸಾಧ್ಯವಾಗಿದ್ದರೆ ಅದರ ದಪ್ಪ 4,39,804 ಕಿಲೋಮೀಟರ್ ಆಗಿ, ಚಂದ್ರನನ್ನೂ ದಾಟುತ್ತಿತ್ತು. ನಂಬದವರಿಗೆ ಕ್ಯಾಲ್ಕುಲೇಟರ್ ಕೊಟ್ಟು, 0.1ನ್ನು ಎರಡರಿಂದ 42 ಸಲ ಗುಣಿಸಲು ಬಿಡಿ.

ಆದರೆ ಇಂಥ ಸಂಗತಿಗಳಲ್ಲೆಲ್ಲ ರಾಜ ಯಾವುದೆಂದರೆ ಹುಟ್ಟಿದ ದಿನದ್ದು. ಒಂದು ಕೋಣೆಯಲ್ಲಿ 23 ಜನರಿದ್ದರೆ ಅವರಲ್ಲಿ ಯಾರಾದರೂ ಇಬ್ಬರು ಒಂದೇ ತಾರೀಕಿನಂದು (ವರ್ಷ ಬೇರೆಯಿದ್ದರೂ) ಹುಟ್ಟಿರುವ ಸಂಭವ ಅರ್ಧಕ್ಕಿಂತ ಹೆಚ್ಚು, ಶೇಕಡಾ 50.7. ವರ್ಷಕ್ಕೆ 365 ದಿನ, ಇರುವವರು 23 ಜನ. ಯಾರಿಗೂ ಇದು ಸರಿ ಎನಿಸುವುದಿಲ್ಲ. ಗಣಿತಜ್ಞ ರಿಚರ್ಡ್ ಫಾನ್ ಮೀಸೆಸ್ ಈ ಬಗೆಯ ಪ್ರಶ್ನೆಯ ಬಗ್ಗೆ 1939ರಲ್ಲಿ ಬರೆದರು; ಅಲ್ಲಿಂದೀಚೆಗೆ ಸಂಭವನೀಯತೆಯ ಪಾಠ ಹೇಳುವವರಿಗೆ ಇದನ್ನು ಬಿಟ್ಟರೆ ಪಾಠವೇ ಮುಗಿಯುವುದಿಲ್ಲ.

ಎಡವುವುದು ಎಲ್ಲಿ ಎಂದರೆ, ಪ್ರಶ್ನೆ ಕೇಳಿದ ಕೂಡಲೇ ಪ್ರತಿಯೊಬ್ಬರೂ ಮನಸ್ಸಿನಲ್ಲೇ “ನನ್ನ ತಾರೀಕು ಇನ್ನೊಬ್ಬರದಕ್ಕೆ ಹೊಂದೀತೇ” ಎಂದು ಲೆಕ್ಕ ಹಾಕುತ್ತಾರೆ. ಅದು ಬೇರೆಯೇ ಪ್ರಶ್ನೆ. ಉಳಿದ 22 ಜನರಲ್ಲಿ ಒಬ್ಬರ ತಾರೀಕು ನಿಮ್ಮದಕ್ಕೆ ಹೊಂದುವ ಸಂಭವ ಶೇಕಡಾ ಆರರಷ್ಟೂ ಇಲ್ಲ. ಅದು ಅರ್ಧಕ್ಕೆ ಏರಬೇಕಾದರೆ 253 ಜನ ಬೇಕು. ಆದರೆ ನಾವು ಕೇಳಿದ್ದು ಯಾರಾದರೂ ಇಬ್ಬರು ಎಂದು. 23 ಜನರೂ ಒಬ್ಬರಿಗೊಬ್ಬರು ಕೈಕುಲುಕಿದರೆ ಎಷ್ಟು ಸಲ ಆಗುತ್ತದೆ ಎಣಿಸಿ. ಮೊದಲನೆಯವರು 22 ಜನರ ಕೈ ಕುಲುಕುತ್ತಾರೆ, ಎರಡನೆಯವರಿಗೆ ಹೊಸದಾಗಿ 21 ಉಳಿಯುತ್ತವೆ, ಮೂರನೆಯವರಿಗೆ 20. ಒಟ್ಟು 253. ಪ್ರತಿ ಕೈಕುಲುಕೂ 365ಕ್ಕೆ ಒಂದರ ಅವಕಾಶ. ಜನ ಇಮ್ಮಡಿಯಾದರೆ ಜೋಡಿಗಳು ಸುಮಾರು ನಾಲ್ಕು ಪಟ್ಟಾಗುತ್ತವೆ. ನಮ್ಮ ಮನಸ್ಸು ಜನರನ್ನು ಎಣಿಸುತ್ತದೆ, ಇಲ್ಲಿ ಎಣಿಸಬೇಕಾದದ್ದು ಜೋಡಿಗಳನ್ನು.

ನಿಖರವಾದ ಲೆಕ್ಕಕ್ಕೆ ಉಲ್ಟಾ ಹೋಗಬೇಕು. ಯಾರದೂ ಹೊಂದದಿರುವ ಸಂಭವವನ್ನು ಮೊದಲು ಕಂಡುಹಿಡಿಯಿರಿ. ಎರಡನೆಯವರು ಮೊದಲನೆಯವರ ದಿನವನ್ನು ತಪ್ಪಿಸಬೇಕು, 364/365. ಮೂರನೆಯವರು ಎರಡು ದಿನಗಳನ್ನು ತಪ್ಪಿಸಬೇಕು, 363/365. ಹೀಗೆ 343/365ರವರೆಗೆ 22 ಭಿನ್ನರಾಶಿಗಳನ್ನು ಗುಣಿಸಿದರೆ 0.493 ಬರುತ್ತದೆ. ಒಂದರಿಂದ ಅದನ್ನು ಕಳೆದರೆ 0.507. ಇದೇ ದಾರಿಯಲ್ಲಿ 30 ಜನರಿಗೆ ಶೇಕಡಾ 70.6, 40 ಜನರಿಗೆ 89.1, 50 ಜನರಿಗೆ 97. ನೂರಕ್ಕೆ ನೂರು ಖಾತ್ರಿಯಾಗಬೇಕಾದರೆ ಮಾತ್ರ, ಫೆಬ್ರವರಿ 29ನ್ನೂ ಸೇರಿಸಿಕೊಂಡು, 367 ಜನ ಬೇಕು. ಹುಟ್ಟುಗಳು ವರ್ಷವಿಡೀ ಸಮನಾಗಿ ಹಂಚಿರುವುದಿಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪಿಕೊಳ್ಳಿ. ಕೆಲವು ತಿಂಗಳಲ್ಲಿ ಹುಟ್ಟು ದಟ್ಟವಾಗಿದ್ದರೆ ಹೊಂದಾಣಿಕೆಯ ಸಂಭವ ಇನ್ನಷ್ಟು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

2014ರ ಫುಟ್‌ಬಾಲ್ ವಿಶ್ವಕಪ್ ಇದಕ್ಕೆ ಹೇಳಿ ಮಾಡಿಸಿದ ಪರೀಕ್ಷೆಯಾಗಿತ್ತು. 32 ತಂಡಗಳು, ಪ್ರತಿ ತಂಡದಲ್ಲೂ ಸರಿಯಾಗಿ 23 ಆಟಗಾರರು. ಪಟ್ಟಿ ತೆಗೆದು ನೋಡಿದರೆ ಒಂದೇ ದಿನ ಹುಟ್ಟಿದ ಆಟಗಾರರಿದ್ದ ತಂಡಗಳು 16, ಸರಿಯಾಗಿ ಅರ್ಧ.

ಮಾಡಿ ತೋರಿಸುವಾಗ ಕ್ರಮ ತಪ್ಪಿದರೆ ಮಜಾ ಕೆಡುತ್ತದೆ. ಒಬ್ಬೊಬ್ಬರ ಹತ್ತಿರ ಹೋಗಿ ತಾರೀಕು ಕೇಳಬೇಡಿ. ಹತ್ತನೆಯವರ ಹೊತ್ತಿಗೆ ಮೊದಲಿನವರದ್ದು ಎಲ್ಲರಿಗೂ ಮರೆತಿರುತ್ತದೆ. ಬದಲಿಗೆ ಜನವರಿಯವರು ಎದ್ದು ನಿಲ್ಲಿ ಎನ್ನಿ, ನಿಂತವರು ಮಾತ್ರ ತಾರೀಕು ಹೇಳಲಿ, ಆಮೇಲೆ ಫೆಬ್ರವರಿ. ಎರಡು ನಿಮಿಷದ ಕೆಲಸ. ಅವಳಿಗಳಿದ್ದರೆ ಮೊದಲೇ ಒಬ್ಬರನ್ನು ಹೊರಗಿಡಿ. 23 ಜನರಿಟ್ಟುಕೊಂಡು ಪಂಥ ಕಟ್ಟಬೇಡಿ, ಎರಡರಲ್ಲಿ ಒಂದು ಸಲ ಸೋಲುತ್ತೀರಿ. 35 ಜನರಿದ್ದರೆ ಶೇಕಡಾ 81 ನಿಮ್ಮ ಪರ. ಅಷ್ಟು ಜನ ಇಲ್ಲದ ಕಡೆ ಪ್ರಶ್ನೆಯನ್ನೇ ಚಿಕ್ಕದು ಮಾಡಿ. ಐದೇ ಜನರಿದ್ದರೆ ಹುಟ್ಟಿದ ತಿಂಗಳು ಕೇಳಿ, ಇಬ್ಬರದು ಹೊಂದುವ ಸಂಭವ ಶೇಕಡಾ 62ರ ಹತ್ತಿರ. 15 ಜನರಿದ್ದರೆ ಮೊಬೈಲ್ ನಂಬರಿನ ಕೊನೆಯ ಎರಡು ಅಂಕಿ ಕೇಳಿ, ಸಂಭವ ಶೇಕಡಾ 67. 20 ಜನರಿಗೆ 87. “ಮನಸ್ಸಿನಲ್ಲಿ ನೂರರೊಳಗಿನ ಒಂದು ಸಂಖ್ಯೆ ಹಿಡಿಯಿರಿ” ಎಂದು ಮಾತ್ರ ಹೇಳಬೇಡಿ. ಜನ ಸಂಖ್ಯೆಗಳನ್ನು ಸಮನಾಗಿ ಆರಿಸುವುದಿಲ್ಲ, ಮೊದಲು ಹೇಳಿದ್ದನ್ನು ಕೇಳಿಸಿಕೊಂಡು ಬದಲಾಯಿಸಲೂಬಹುದು. ಮೊಬೈಲ್ ನಂಬರು ಹಾಗೆ ಬದಲಾಗುವುದಿಲ್ಲ.

ಮಕ್ಕಳು ನಡುವೆ ಕೂತಿದ್ದರೆ ವೊಂಬ್ಯಾಟ್ ವಿಷಯ ತೆಗೆಯಿರಿ. ಆಸ್ಟ್ರೇಲಿಯಾದ ಈ ಪ್ರಾಣಿ ದಾಳದಂತೆ ಘನಾಕಾರದ ಹಿಕ್ಕೆ ಹಾಕುತ್ತದೆ, ಒಂದು ರಾತ್ರಿಗೆ ನೂರರ ಹತ್ತಿರ ತುಂಡುಗಳು. ಗುದದ್ವಾರವೇ ಚೌಕವಿದೆ ಎಂದು ಹೇಳುವವರಿದ್ದಾರೆ. ಅದು ಎಲ್ಲ ಪ್ರಾಣಿಗಳಂತೆ ದುಂಡಗೇ ಇದೆ. ಆಕಾರ ಬರುವುದು ಕರುಳಿನ ಕೊನೆಯ ಭಾಗದಲ್ಲಿ. ಅಲ್ಲಿ ಕರುಳಿನ ಗೋಡೆ ಸುತ್ತಲೂ ಒಂದೇ ಸಮನಾಗಿಲ್ಲ, ಕೆಲವು ಪಟ್ಟಿ ಗಟ್ಟಿ, ಕೆಲವು ಮೆತ್ತಗೆ. ಗಟ್ಟಿ ಭಾಗ ಬೇಗ ಸಂಕುಚಿಸುತ್ತದೆ, ಮೆತ್ತನೆಯದು ನಿಧಾನವಾಗಿ. ನೀರು ಹೀರಿಹೋಗಿ ಒಣಗುತ್ತಿರುವ ಹಿಕ್ಕೆಗೆ ಸಾವಿರಾರು ಸಲ ಹೀಗೆ ಒತ್ತಡ ಬಿದ್ದು ಮೂಲೆಗಳು ಮೂಡುತ್ತವೆ. ಇದನ್ನು ಬಿಡಿಸಿದ ಪೆಟ್ರೀಷಿಯಾ ಯಾಂಗ್, ಡೇವಿಡ್ ಹೂ ಮತ್ತು ಸಂಗಡಿಗರಿಗೆ 2019ರ ಇಗ್ ನೊಬೆಲ್ (ಮೊದಲು ನಗಿಸಿ, ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ) ಭೌತವಿಜ್ಞಾನ ಪ್ರಶಸ್ತಿ ಬಂತು.

ಶುಕ್ರಗ್ರಹದಲ್ಲಿ ವರ್ಷಕ್ಕಿಂತ ದಿನ ದೊಡ್ಡದು ಎಂಬುದೂ ಜನಪ್ರಿಯ, ಆದರೆ ಎಚ್ಚರದಿಂದ ಹೇಳಬೇಕಾದದ್ದು. ಶುಕ್ರ ತನ್ನ ಸುತ್ತ ಒಮ್ಮೆ ತಿರುಗಲು ನಮ್ಮ 243 ದಿನ, ಸೂರ್ಯನನ್ನು ಸುತ್ತಲು 225 ದಿನ ತೆಗೆದುಕೊಳ್ಳುತ್ತದೆ, ನಿಜ. ಅದರ ತಿರುಗುವಿಕೆ ಹಿಮ್ಮುಖವಾದ್ದರಿಂದ ಎರಡು ಚಲನೆಗಳೂ ಸೇರಿ ಸೂರ್ಯನನ್ನು ಬೇಗ ಬೇಗ ಎದುರಿಗೆ ತರುತ್ತವೆ. ಹಾಗಾಗಿ ಅಲ್ಲಿ ಒಂದು ಸೂರ್ಯೋದಯದಿಂದ ಇನ್ನೊಂದಕ್ಕೆ ಆಗುವುದು 117 ದಿನ ಮಾತ್ರ, ಅದೂ ಪಶ್ಚಿಮದಲ್ಲಿ. ಈ ಎರಡನೇ ಭಾಗವನ್ನು ಬಿಟ್ಟು ಹೇಳಿದರೆ ಗೊತ್ತಿದ್ದವರೊಬ್ಬರು ಸಿಕ್ಕಿಹಾಕಿಸುತ್ತಾರೆ.

ಕೊನೆಗೆ ಇಸ್ಪೀಟು. ಚೆನ್ನಾಗಿ ಕಲೆಸಿದ 52 ಎಲೆಗಳ ಕಟ್ಟನ್ನು ಮೇಜಿನ ಮೇಲಿಟ್ಟು, ಈ ಕ್ರಮ ಲೋಕದಲ್ಲಿ ಹಿಂದೆಂದೂ ಬಂದಿರಲಾರದು ಎನ್ನಿ. 52 ಎಲೆಗಳನ್ನು ಜೋಡಿಸುವ ಬಗೆಗಳ ಸಂಖ್ಯೆ 8ರ ಮುಂದೆ 67 ಸೊನ್ನೆ ಇಟ್ಟಷ್ಟು. ಹುಟ್ಟಿದ ದಿನದ ಲೆಕ್ಕ ಅರ್ಥವಾದವರು ಇಲ್ಲಿ ತಡೆಯಬೇಕು, ತಡೆದರೆ ಭೇಷ್ ಎನ್ನಿ: ಇಲ್ಲಿಯೂ ಜೋಡಿಗಳನ್ನೇ ಎಣಿಸಬೇಕಲ್ಲವೇ, ಯಾವುದೋ ಎರಡು ಕಟ್ಟುಗಳು ಹೊಂದಿರಬಾರದೇಕೆ? ಹಾಗೆ ಎಣಿಸಿದರೂ, ಯಾವುದಾದರೂ ಎರಡು ಹೊಂದುವ ಸಂಭವ ಅರ್ಧಕ್ಕೇರಲು 35 ಅಂಕಿಗಳ ಸಂಖ್ಯೆಯಷ್ಟು ಸಲ ಕಲೆಸಬೇಕು. ವಿಶ್ವ ಹುಟ್ಟಿದ 1,380 ಕೋಟಿ ವರ್ಷಗಳಿಂದ 800 ಕೋಟಿ ಜನ ಸೆಕೆಂಡಿಗೊಂದರಂತೆ ಬಿಡುವಿಲ್ಲದೆ ಕಲೆಸಿದ್ದರೂ ಆಗುವುದು 28 ಅಂಕಿಗಳ ಸಂಖ್ಯೆ.

ಚೆನ್ನಾಗಿ ಎಂದರೆ ಎಷ್ಟು ಎಂಬುದಕ್ಕೂ ಉತ್ತರವಿದೆ. ಕಟ್ಟನ್ನು ಎರಡು ಪಾಲು ಮಾಡಿ, ಎರಡೂ ಕೈಯ ಹೆಬ್ಬೆರಳಿಂದ ಎಲೆಗಳನ್ನು ಸರಸರ ಬಿಟ್ಟು ಒಂದಕ್ಕೊಂದು ಹೆಣೆಯುವ ವಿಧಾನದಲ್ಲಿ ಏಳು ಸಲ ಬೇಕು ಎಂದು ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ 1992ರಲ್ಲಿ ತೋರಿಸಿದರು. ಡಯಾಕೊನಿಸ್ ಗಣಿತಜ್ಞರಾಗುವ ಮುಂಚೆ ಜಾದೂಗಾರರಾಗಿದ್ದವರು. ಹೊಸ ಕಟ್ಟನ್ನು ಬಿಚ್ಚಿ ಎರಡೇ ಸಲ ಕಲೆಸಿ ಈ ಮಾತು ಹೇಳಬೇಡಿ, ಮೊದಲಿನ ಕ್ರಮದ ತುಣುಕುಗಳು ಸಾಲುಸಾಲಾಗಿ ಹಾಗೇ ಉಳಿದಿರುತ್ತವೆ. ಕೈ ತೀರಾ ಪಳಗಿದ್ದರೆ ಇನ್ನೊಂದು ಅಪಾಯವಿದೆ. ಸರಿಯಾಗಿ 26-26 ಎಲೆ ಮಾಡಿ, ಒಂದರ ನಡುವೆ ಒಂದು ತಪ್ಪದಂತೆ ಹೆಣೆದು, ಪ್ರತಿ ಸಲವೂ ಮೇಲಿನ ಎಲೆ ಮೇಲೆಯೇ, ಕೆಳಗಿನದು ಕೆಳಗೇ ಉಳಿಯುವಂತೆ ನೋಡಿಕೊಂಡರೆ, ಎಂಟನೇ ಸಲಕ್ಕೆ ಇಡೀ ಕಟ್ಟು ಮೊದಲಿದ್ದ ಕ್ರಮಕ್ಕೇ ಮರಳುತ್ತದೆ. ಕೈಚಳಕ ಬೇಡ ಎನ್ನುವವರು ಎಲೆಗಳನ್ನು ಮೇಜಿನ ಮೇಲೆ ಎರಡು ಸಾಲಾಗಿ ಹರಡಿ, ಆ ಸಾಲಿನಿಂದೊಂದು ಈ ಸಾಲಿನಿಂದೊಂದು ಎತ್ತಿ ಜೋಡಿಸಿದರೂ ನಡೆಯುತ್ತದೆ. ನಿಧಾನವಾಗಿ ಮಾಡಿ, ನಡುವೆ ಒಂದೇ ಒಂದು ಎಲೆ ಹಿಂದೆ ಮುಂದೆ ಆದರೂ ಎಂಟನೇ ಸಲಕ್ಕೆ ಮೊದಲಿನ ಕ್ರಮ ಪೂರ್ತಿಯಾಗಿ ಬರುವುದಿಲ್ಲ.