ಓದುಗರ ಪ್ರಶ್ನೆ: ಮನುಷ್ಯರು ಡೈನೋಸಾರ್ ನೋಡಿದ್ದುಂಟಾ?

ಪ್ರಶ್ನೆ: ಮನುಷ್ಯರೂ ಡೈನೋಸಾರ್‌ಗಳೂ ಯಾವಾಗಲಾದರೂ ಒಟ್ಟಿಗೆ ಬದುಕಿದ್ದುಂಟಾ? ಎರಡರ ಹೆಜ್ಜೆ ಗುರುತೂ ಒಂದೇ ಬಂಡೆ ಮೇಲಿರುವ ವಿಡಿಯೋ ನೋಡಿದೆ. (ಮಧುಗಿರಿಯಿಂದ ಒಬ್ಬ ಓದುಗರು)

ಇಲ್ಲ. ಒಂದು ದಿನವೂ ಇಲ್ಲ.

ಎಷ್ಟು ಸಲ ಉತ್ತರ ಬರೆದರೂ ಈ ಪ್ರಶ್ನೆ ಪಾವಗಡದಿಂದಲೋ ತಿಪಟೂರಿನಿಂದಲೋ ಮತ್ತೆ ಬರುತ್ತದೆ. ಆ ವಿಡಿಯೋ ವಾಟ್ಸಾಪ್‌ನಲ್ಲಿ ಓಡಾಡಿದಾಗಲೆಲ್ಲ ಜಾಸ್ತಿ ಬರುತ್ತದೆ. ಹಾಗಾಗಿ ಈ ಸಲ ವಿಡಿಯೋವನ್ನೇ ಹಿಡಿದು ಮಾತಾಡೋಣ. ಅದಕ್ಕೆ ಮೊದಲು ಸ್ವಲ್ಪ ಲೆಕ್ಕ.

ಡೈನೋಸಾರ್‌ಗಳು ಅಳಿದು 6.6 ಕೋಟಿ ವರ್ಷ ಆಯಿತು. ನಮ್ಮ ಜಾತಿಯ ಮನುಷ್ಯ ಹುಟ್ಟಿ ಸುಮಾರು 3 ಲಕ್ಷ ವರ್ಷ. ಒಂದು ವರ್ಷಕ್ಕೆ ಒಂದು ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ತುಮಕೂರು ಬಸ್ ಸ್ಟ್ಯಾಂಡ್ ಅಂದರೆ ಇವತ್ತು. ಬೆಂಗಳೂರು ರಸ್ತೆ ಹಿಡಿದು ಹಿಂದಿನ ಕಾಲಕ್ಕೆ ಹೊರಡಿ. ಅಶೋಕನ ಕಾಲ ಎರಡೂಕಾಲು ಮೀಟರ್‌ಗೇ ಸಿಗುತ್ತದೆ. ಮೊದಲ ಮನುಷ್ಯರು 300 ಮೀಟರ್ ಒಳಗೆ ಮುಗಿದರು. ಕೊನೆಯ ಡೈನೋಸಾರ್ ಸಿಗಬೇಕಾದರೆ ನೆಲಮಂಗಲವನ್ನೂ ದಾಟಿ 66 ಕಿಲೋಮೀಟರ್ ಹೋಗಬೇಕು. ಮೊದಲ ಡೈನೋಸಾರ್‌ಗೆ ಸುಮಾರು 230 ಕಿಲೋಮೀಟರ್, ಅಂದರೆ ಮೈಸೂರೂ ಹಿಂದಾಯಿತು.

ಈಗ ಆ ಹೆಜ್ಜೆ ಗುರುತು. ಅದು ಅಮೆರಿಕದ ಟೆಕ್ಸಾಸ್‌ನಲ್ಲಿ, ಪಲಕ್ಸಿ ಅನ್ನುವ ನದಿಯ ಪಾತ್ರದಲ್ಲಿದೆ. ಸುಮಾರು 11 ಕೋಟಿ ವರ್ಷ ಹಳೆಯ ಸುಣ್ಣಕಲ್ಲಿನ ಹಾಸು. ಅಲ್ಲಿ ಡೈನೋಸಾರ್ ಹೆಜ್ಜೆಗಳಿರುವುದು ನಿಜ, ಅದರಲ್ಲಿ ಎರಡು ಮಾತಿಲ್ಲ. ಪಕ್ಕದಲ್ಲಿರುವ ಉದ್ದನೆಯ ಗುರುತುಗಳೇ ತಕರಾರು. ಮನುಷ್ಯನ ಪಾದದ ಹಾಗೆ ಕಾಣುತ್ತವೆ, ಆದರೆ ಬಹಳ ದೊಡ್ಡವು.

ನಿಮ್ಮ ಅಂಗಳದ ಕೆಸರಿನಲ್ಲಿ ಕೋಳಿ ನಡೆದ ಗುರುತು ನೋಡಿ. ಮುಂದಕ್ಕೆ ಮೂರು ಬೆರಳು, ಹಿಮ್ಮಡಿ ಇಲ್ಲವೇ ಇಲ್ಲ. ಹಕ್ಕಿಗಳು ಡೈನೋಸಾರ್ ವಂಶದವೇ. ಕೋಳಿಯ ಹಾಗೆ ಎರಡು ಕಾಲಲ್ಲಿ ನಡೆಯುತ್ತಿದ್ದ ಡೈನೋಸಾರ್‌ಗಳೂ ಬೆರಳೂರಿಯೇ ನಡೆಯುತ್ತಿದ್ದವು. ಆದರೆ ಕೆಲವು ಸಲ ಹಿಮ್ಮಡಿಯನ್ನೂ ನೆಲಕ್ಕೆ ಹಚ್ಚಿ ನಡೆದಿವೆ. ಆಗ ಗುರುತು ಉದ್ದ ಬೀಳುತ್ತದೆ. ಆಮೇಲೆ ಬೆರಳಿನ ಗುಳಿಗಳಲ್ಲಿ ಬೇರೆ ಮಣ್ಣು ತುಂಬಿ ಅದೂ ಕಲ್ಲಾಯಿತು. ಉಳಿದಿದ್ದು ಬೆರಳಿಲ್ಲದ ಉದ್ದನೆಯ ಗುಳಿ. ನೋಡಿದವರು ಮನುಷ್ಯನದು ಅಂದರು. 1980ರ ದಶಕದಲ್ಲಿ ಆ ಗುರುತುಗಳನ್ನು ತೊಳೆದು ಹತ್ತಿರದಿಂದ ನೋಡಿದಾಗ, ತುಂಬಿಕೊಂಡಿದ್ದ ಕಲ್ಲಿನ ಬಣ್ಣವೇ ಬೇರೆ ಇತ್ತು. ಆ ಬಣ್ಣದಲ್ಲಿ ಮೂರು ಬೆರಳು ಸ್ಪಷ್ಟವಾಗಿ ಎದ್ದು ಕಂಡವು. ಇದೇ ಸಾಕ್ಷಿ ಎಂದು ಸಾರುತ್ತಿದ್ದವರಲ್ಲೇ ಕೆಲವರು ಆಮೇಲೆ ಹಿಂದೆ ಸರಿದರು.

ಇನ್ನೂ ಒಂದು ಇದೆ. 1930ರ ದಶಕದಲ್ಲಿ ಅಲ್ಲಿ ಕೆಲಸವಿಲ್ಲ, ಕಾಸಿಲ್ಲ. ಕೆಲವರು ಕಲ್ಲಿನಲ್ಲಿ ದೈತ್ಯ ಪಾದಗಳನ್ನು ಕೆತ್ತಿ ಮಾರಿದರು. ಅದನ್ನು ಪತ್ತೆ ಹಚ್ಚುವುದು ಹೇಗೆ ಅಂತೀರಾ? ಕಲ್ಲನ್ನು ಅಡ್ಡ ಕೊಯ್ದು ನೋಡಬೇಕು. ನಿಜವಾದ ಹೆಜ್ಜೆಯಾದರೆ ಭಾರಕ್ಕೆ ಕೆಳಗಿನ ಪದರಗಳು ಬಾಗಿರುತ್ತವೆ. ಉಳಿಯಲ್ಲಿ ಕೆತ್ತಿದ್ದಾದರೆ ಪದರಗಳು ನೆಟ್ಟಗಿದ್ದು, ಗುಳಿಯ ಅಂಚಿಗೆ ಬಂದು ತುಂಡಾಗಿರುತ್ತವೆ. ಇಷ್ಟು ಚೆಂದದ ಪರೀಕ್ಷೆ ಇರುವಾಗ ವಿಡಿಯೋ ನೋಡಿ ಸುಮ್ನೆ ನಂಬುವುದು ಯಾಕೆ?

ಕಾರ್ಬನ್ ಪರೀಕ್ಷೆಯಲ್ಲಿ ಡೈನೋಸಾರ್ ಮೂಳೆಗೆ ಕೆಲವೇ ಸಾವಿರ ವರ್ಷ ಬಂತು ಅನ್ನುವ ಮಾತೂ ಇದೆ. ಆ ಪರೀಕ್ಷೆ ಕೆಲಸಕ್ಕೆ ಬರುವುದೇ ಸುಮಾರು 50,000 ವರ್ಷದವರೆಗೆ. ಅದಕ್ಕಿಂತ ಹಳೆಯದಕ್ಕೆ ಅದನ್ನು ಬಳಸುವುದೇ ತಪ್ಪು. ಡೈನೋಸಾರ್ ಕಾಲವನ್ನು ಅಳೆಯುವುದು ಆಗಿನ ಜ್ವಾಲಾಮುಖಿ ಬೂದಿಯಿಂದ, ಯುರೇನಿಯಂನಂಥ ಧಾತುಗಳಿಂದ.

ಪ್ರಶ್ನೆ ಮಧುಗಿರಿಯಿಂದ ಬಂದಿರುವುದರಿಂದ, ಕೇಳದಿದ್ದರೂ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ನಿಮ್ಮ ಏಕಶಿಲಾ ಬೆಟ್ಟದಲ್ಲಿ ಎಷ್ಟು ಹುಡುಕಿದರೂ ಡೈನೋಸಾರ್ ಮೂಳೆ ಸಿಗುವುದಿಲ್ಲ. ಅದು ಗ್ರಾನೈಟ್. ಭೂಮಿಯ ಒಳಗೆ ಕರಗಿದ ಶಿಲೆ ತಣ್ಣಗಾಗಿ ಆದದ್ದು, ಸುಮಾರು 250 ಕೋಟಿ ವರ್ಷ ಹಳೆಯದು. ಆಗ ಮೂಳೆ ಇರುವ ಪ್ರಾಣಿ ಭೂಮಿ ಮೇಲೆ ಒಂದೂ ಇರಲಿಲ್ಲ. ಡೈನೋಸಾರ್ ಬರುವ ಹೊತ್ತಿಗೆ ನಿಮ್ಮ ಬೆಟ್ಟದ ಕಲ್ಲಿಗೆ 200 ಕೋಟಿ ವರ್ಷ ದಾಟಿತ್ತು! ಹಾಗಂತ ಅವು ನಮ್ಮ ಸೀಮೆಯಲ್ಲಿ ಓಡಾಡಿಲ್ಲ ಎನ್ನಲಾಗದು. ಓಡಾಡಿದ್ದರೂ ಗುರುತು ಉಳಿಯಲು ಅವುಗಳನ್ನು ಮುಚ್ಚಿಡುವ ಕೆಸರು, ಮರಳು ಬೇಕು, ಅದು ಮುಂದೆ ಕಲ್ಲಾಗಬೇಕು. ನರ್ಮದಾ ಕಣಿವೆಯಲ್ಲಿ ಹಾಗಾಯಿತು. 1828ರಲ್ಲಿ ಜಬಲ್‌ಪುರದಲ್ಲಿ ಮೂಳೆ ಸಿಕ್ಕಿತು. ಗುಜರಾತಿನ ರಯ್ಯೋಲಿಯಲ್ಲಿ ಮೊಟ್ಟೆಗಳೂ ಸಿಕ್ಕಿವೆ.

ಮೊಟ್ಟೆ ಅಂದಾಗ ನೆನಪಾಯಿತು. ಹೊಲದಲ್ಲಿ ಬಾವಿ ತೋಡುವಾಗ ಸಿಗುವ ಗುಂಡು ಕಲ್ಲು ಡೈನೋಸಾರ್ ಮೊಟ್ಟೆಯಲ್ಲ. ನೀರು, ಗಾಳಿ ತಾಗಿ ಗ್ರಾನೈಟಿನ ಮೂಲೆಗಳು ಮೊದಲು ಸವೆಯುತ್ತವೆ, ಕಲ್ಲು ಪದರ ಪದರವಾಗಿ ಕಳಚಿ ದುಂಡಗಾಗುತ್ತದೆ. ಅನುಮಾನವಿದ್ದರೆ ಒಂದನ್ನು ಒಡೆದು ನೋಡಿ. ಒಳಗಿಂದ ಹೊರಗಿನವರೆಗೂ ಅದೇ ಬಿಳಿ, ಕಪ್ಪು, ನಸುಗೆಂಪು ಹರಳುಗಳು. ಡೈನೋಸಾರ್ ಮೊಟ್ಟೆಯಾದರೆ ಹೊರಗೆ ಒಂದೆರಡು ಮಿಲಿಮೀಟರ್ ದಪ್ಪದ ಚಿಪ್ಪು ಬೇರೆಯಾಗಿಯೇ ಕಾಣುತ್ತದೆ, ಮಸೂರ ಹಿಡಿದರೆ ಅದರಲ್ಲಿ ಉಸಿರಾಟದ ಸಣ್ಣ ರಂಧ್ರಗಳೂ ಸಿಗುತ್ತವೆ.